ಬನಾತೋ, ನಾರುಬಟ್ಟೆಯೋ, ಜಿಂಕೆಚರ್ಮವೋ: ಸಮುರಾಯ್ ಉಡುಪು ಕೊಳ್ಳುವ ಮುನ್ನ

ಹಳೆಯ ಜವಳಿ ಸಂಗ್ರಹಿಸುವವರು ಜಪಾನಿನ ಯೋಧರ ಉಡುಪುಗಳ ಕಡೆ ತಿರುಗಿದ ಕೂಡಲೇ ಗೊಂದಲ ಶುರುವಾಗುತ್ತದೆ. ಕಡುಗೆಂಪು ಬನಾತಿನ, ಅಂದರೆ ದಟ್ಟ ಉಣ್ಣೆಬಟ್ಟೆಯ, ಜಿಂಬಾವೊರಿ ಎಂಬ ಮೇಲಂಗಿ ಕಣ್ಣು ಸೆಳೆಯುತ್ತದೆ. ಅದರ ಬೆಲೆ ನೋಡಿ ಹಿಂಜರಿದವರಿಗೆ ವ್ಯಾಪಾರಿ ನಾರುಬಟ್ಟೆಯ ಕಮಿಶಿಮೊ ಎಂಬ ಎರಡು ಭಾಗದ ಕಚೇರಿ ಉಡುಪು ತೋರಿಸುತ್ತಾನೆ. ಜತೆಗೆ ಬೆಂಕಿ ಆರಿಸಲು ಹೋಗುತ್ತಿದ್ದವರ ಚರ್ಮದ ಮೇಲಂಗಿ, ಕ್ಯೋಗೆನ್ ನಾಟಕದ ಕತಗಿನು ಎಂಬ ತೋಳಿಲ್ಲದ ಮೇಲುಡುಪು, ಬಟ್ಟೆಗೆ ನಮೂನೆ ಮೂಡಿಸುವ ಅಚ್ಚಿನ ಕಾಗದಗಳು ಕೂಡ ಸಾಲಾಗಿ ಬರುತ್ತವೆ. ಎಲ್ಲದರ ಮೇಲೂ ‘ಸಮುರಾಯ್’ ಎಂದೇ ಬರೆದಿರುತ್ತದೆ.

ಮಾರುಕಟ್ಟೆಗೆ ಬರುವ ಉಡುಪುಗಳಲ್ಲಿ ಹೆಚ್ಚಿನವು 18 ಮತ್ತು 19ನೇ ಶತಮಾನದವು. 1603ರಿಂದ 1868ರವರೆಗಿನ ಎಡೋ ಕಾಲದಲ್ಲಿ ಜಪಾನಿನಲ್ಲಿ ದೊಡ್ಡ ಯುದ್ಧಗಳು ಆದದ್ದೇ ಕಡಿಮೆ. ಮೆರವಣಿಗೆ, ಕಚೇರಿ, ಬೆಂಕಿ ಅನಾಹುತ ಇವೇ ಈ ಬಟ್ಟೆಗಳು ಕಂಡ ಲೋಕ. 1868ರಲ್ಲಿ ಆಳ್ವಿಕೆ ಬದಲಾಯಿತು, 1876ರಲ್ಲಿ ಕತ್ತಿ ಧರಿಸುವ ಹಕ್ಕೂ ಹೋಯಿತು. ಮನೆತನಗಳು ಪೆಟ್ಟಿಗೆ ಸಮೇತ ಮಾರಿಕೊಂಡದ್ದು ಆಮೇಲೆ. ಹಾಗಾಗಿ ‘ರಣರಂಗ ಕಂಡದ್ದು’ ಎಂಬ ಮಾತಿಗೆ ಒಂದು ಯೆನ್ ಕೂಡ ಹೆಚ್ಚು ಕೊಡಬೇಡಿ. ಬಟ್ಟೆಗೆ, ಬಣ್ಣಕ್ಕೆ, ಹೊಲಿಗೆಗೆ ಕೊಡಿ.

ನಿಜವಾಗಿಯೂ ಯುದ್ಧಕಾಲದವು ಎನ್ನಬಹುದಾದ ಉಡುಪುಗಳು ಮ್ಯೂಸಿಯಮ್ಮು, ದೇವಾಲಯಗಳಲ್ಲಿವೆ. ಕ್ಯೋಟೋದ ಕೋದಾಯ್‌ಜಿ ದೇವಾಲಯದಲ್ಲಿ 16ನೇ ಶತಮಾನದ ಸೇನಾನಾಯಕ ತೊಯೊತೊಮಿ ಹಿದೆಯೋಶಿಯ ಜಿಂಬಾವೊರಿ ಇದೆ. ಪರ್ಷಿಯಾದ ರೇಷ್ಮೆ ಹಾಸನ್ನೇ ಕತ್ತರಿಸಿ ಹೊಲಿದದ್ದು ಅದು, ಮೈತುಂಬ ಕಾದಾಡುವ ಪ್ರಾಣಿಗಳು. ತೋಕಿಯೋ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಅದೇ ಕಾಲದ ಇನ್ನೊಬ್ಬ ನಾಯಕ ಓದಾ ನೊಬುನಾಗನದೆಂದು ಹೇಳಲಾಗುವ, ಕಪ್ಪು ಹಕ್ಕಿಗರಿಯ ಮೇಲೆ ಬಿಳಿ ಚಿಟ್ಟೆ ಮೂಡಿಸಿದ ಜಿಂಬಾವೊರಿ ಇದೆ. ಕೊಬಾಯಾಕಾವಾ ಹಿದೆಆಕಿಯದೂ ಅಲ್ಲೇ ಇದೆ, ಕೆಂಪು ಬನಾತಿನ ಬೆನ್ನ ಮೇಲೆ ಎರಡು ಕುಡುಗೋಲು ಅಡ್ಡಡ್ಡ. ದಾತೆ ಮಸಾಮುನೆಯದೆನ್ನುವ, ನೇರಳೆ ಉಣ್ಣೆಯ ಮೇಲೆ ಐದು ಬಣ್ಣದ ದುಂಡು ಚುಕ್ಕೆಗಳಿರುವ ಜಿಂಬಾವೊರಿ ಸೆಂದಾಯ್ ನಗರ ಮ್ಯೂಸಿಯಮ್ಮಿನಲ್ಲಿದೆ. ಕೊಳ್ಳುವ ಮುನ್ನ ಇವುಗಳ ದೊಡ್ಡ ಚಿತ್ರಗಳನ್ನು ಹಿಗ್ಗಿಸಿ ನೋಡುವುದು ಖರ್ಚಿಲ್ಲದ ಪಾಠ. ಜಪಾನಿನ ರಾಷ್ಟ್ರೀಯ ಮ್ಯೂಸಿಯಮ್ಮುಗಳ ಕೋಲ್‌ಬೇಸ್ ಜಾಲತಾಣ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ತಾಣ, ಎರಡರಲ್ಲೂ ಇಂಥ ಚಿತ್ರಗಳು ಉಚಿತ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಡಾಲಸ್ ಹತ್ತಿರವಾದರೆ, ಅಲ್ಲಿನ ಬಾರ್ಬಿಯೆ-ಮ್ಯುಲರ್ ಮ್ಯೂಸಿಯಮ್ಮು ಇರುವುದೇ ಸಮುರಾಯ್ ವಸ್ತುಗಳಿಗಾಗಿ.

ಯಾವ ಅಳತೆಗೋಲು?

ಮೊದಲನೆಯದು ನಿಮ್ಮ ಕಣ್ಣಿಗೆ ಬೇಕಾದ ಕಲೆ ಯಾವುದು ಎಂಬುದು. ದೂರದಿಂದಲೇ ಹೊಡೆದು ಕಾಣುವ ಆಕಾರ ಬೇಕೋ, ಒಂದಡಿ ಹತ್ತಿರ ನಿಂತು ನೋಡಿದಷ್ಟೂ ಬಿಚ್ಚಿಕೊಳ್ಳುವ ಕೆಲಸ ಬೇಕೋ? ಈ ಎರಡು ಒಂದೇ ಉಡುಪಿನಲ್ಲಿ ಸಿಗುವುದು ಅಪರೂಪ.

ಎರಡನೆಯದು ನಿಮ್ಮ ಊರಿನ ಹವೆ. ಕೊಳ್ಳುವವರು ಇದನ್ನು ಕೊನೆಗೆ ಯೋಚಿಸುತ್ತಾರೆ, ಮೊದಲೇ ಯೋಚಿಸಬೇಕು. ಬಟ್ಟೆಗೆ ಹಿತವಾದ ತೇವಾಂಶ ಶೇಕಡ 50ರ ಆಸುಪಾಸು. 65 ದಾಟಿ ಹಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದ ಮಂಗಳೂರು, ಕಾರವಾರ, ಮಡಿಕೇರಿಗಳಲ್ಲಿ 80 ದಾಟುವುದು ಮಾಮೂಲು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ ಕಷ್ಟ: ಚರ್ಮ ಬಿರುಸಾಗುತ್ತದೆ, ಹಳೆಯ ರೇಷ್ಮೆ ಸೀಳುತ್ತದೆ.

ಮೂರನೆಯದು ಜಾಗ. ಜಪಾನಿನಲ್ಲಿ ಇವುಗಳನ್ನು ಅಡ್ಡಗೋಲಿಗೆ ತೋಳು ತೂರಿಸಿ ಚಪ್ಪಟೆಯಾಗಿ ಹರಡುತ್ತಾರೆ. ತೋಳಿರುವ ಮೇಲಂಗಿಗೆ ಸುಮಾರು 130 ಸೆಂ.ಮೀ. ಅಗಲದ ಗೋಡೆ ಬೇಕು, ತೋಳಿಲ್ಲದ್ದಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ದುಡ್ಡು ಮತ್ತು ಕಾನೂನು ಉಳಿದ ಎರಡು ಅಳತೆ, ಅವುಗಳಿಗೆ ಆಮೇಲೆ ಬರೋಣ.

ಜಿಂಬಾವೊರಿ

ಕವಚದ ಮೇಲೆ ಹಾಕುತ್ತಿದ್ದ ಮೇಲಂಗಿ ಇದು. ಸಾಮಾನ್ಯವಾಗಿ ತೋಳಿಲ್ಲ. ಸೊಂಟದಿಂದ ಕೆಳಗೆ ಕತ್ತಿಗೆ ದಾರಿ ಬಿಡಲು ಬೆನ್ನಲ್ಲಿ ಸೀಳು. ಕತ್ತುಪಟ್ಟಿಯನ್ನು ಹೊರಕ್ಕೆ ಮಡಿಸಿದಾಗ ಕಿನ್ರಾನ್ ಎಂಬ ಜರಿಬಟ್ಟೆ ಕಾಣುತ್ತದೆ. ಎಡೋ ಕಾಲದ ಕೊನೆಯವಕ್ಕೆ ಭುಜದ ಮೇಲೆ ಪಟ್ಟಿಯನ್ನೂ ಇಡುತ್ತಿದ್ದರು. ಬೆನ್ನ ಮೇಲೆ ಮನೆತನದ ಲಾಂಛನ ದೊಡ್ಡದಾಗಿ ಕೂತಿರುತ್ತದೆ.

ಇದರ ಜೀವಾಳ ಬನಾತು. ಜಪಾನಿನಲ್ಲಿ ಕುರಿ ಸಾಕಣೆ ಇರಲಿಲ್ಲ. ಉಣ್ಣೆಯ ಬನಾತು ಮೊದಲು ಪೋರ್ಚುಗೀಸರ ಹಡಗಿನಲ್ಲಿ, ಆಮೇಲೆ ನಾಗಾಸಾಕಿಯ ಮೂಲಕ ಡಚ್ಚರ ಕೈಯಲ್ಲಿ ಬಂತು. ಅದರ ಶೋಜೋಹಿ ಎಂಬ ಕಡುಗೆಂಪಿಗೆ ಯುರೋಪಿನವರು ಮೆಕ್ಸಿಕೋದ ಕಿರಮಂಜಿ ಹುಳುವನ್ನು ಬಳಸುತ್ತಿದ್ದರು. 17ನೇ ಶತಮಾನದಲ್ಲಿ ಅದಕ್ಕೆ ತವರದ ಲವಣ ಸೇರಿಸುವುದು ಕಂಡುಕೊಂಡ ಮೇಲೆ ಕೆಂಪು ಇನ್ನಷ್ಟು ಕಿಡಿಯಾಯಿತು. ಬನಾತನ್ನು ನೇಯ್ದ ಮೇಲೆ ನೆನೆಸಿ ತುಳಿದು ದಟ್ಟ ಮಾಡಿರುತ್ತಾರೆ, ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ. ಈ ಗುಣದಿಂದಲೇ ಲಾಂಛನದ ಅತಿ ಚೆಂದದ ಕೆಲಸ ಸಾಧ್ಯವಾಯಿತು. ಬೆನ್ನಿನ ಬಟ್ಟೆಯನ್ನು ಲಾಂಛನದ ಆಕಾರಕ್ಕೆ ಕತ್ತರಿಸಿ ತೆಗೆದು, ಬೇರೆ ಬಣ್ಣದ ಬನಾತನ್ನು ಅದೇ ಆಕಾರಕ್ಕೆ ಕತ್ತರಿಸಿ ಆ ಕಿಂಡಿಯಲ್ಲಿ ಕೂರಿಸಿ, ಅಂಚಿಗೆ ಅಂಚು ಹೊಲಿಯುತ್ತಿದ್ದರು. ಒಳ್ಳೆಯ ಕೆಲಸದಲ್ಲಿ ಬೆರಳಾಡಿಸಿದರೆ ಏರುತಗ್ಗು ಸಿಗುವುದಿಲ್ಲ. ಸಾಧಾರಣ ಕೆಲಸದಲ್ಲಿ ಲಾಂಛನವನ್ನು ಮೇಲೆ ಇಟ್ಟು ಸುತ್ತ ಹೊಲಿದಿರುತ್ತಾರೆ. ಎರಡರ ಬೆಲೆ ಒಂದೇ ಆಗಕೂಡದು, ಆದರೆ ಅನೇಕ ಅಂಗಡಿಗಳಲ್ಲಿ ಒಂದೇ ಇರುತ್ತದೆ. ಗೊತ್ತಿದ್ದವರಿಗೆ ಲಾಭ.

ಅಸ್ತರನ್ನು ನೋಡದೆ ಬೆಲೆ ಮಾತಾಡಬೇಡಿ. ಯೋಧರ ಮನೆಗಳಿಗೆ ನಮ್ಮ ಕೋರಮಂಡಲ ತೀರದ ಚಿತ್ತಾರದ ಹತ್ತಿಬಟ್ಟೆಯ ಮೇಲೆ ತುಂಬ ಮೋಹ. ಹಿಕೋನೆಯ ‘ಈ’ (Ii) ಎಂಬ ಹೆಸರಿನ ಮನೆತನ ಕೂಡಿಟ್ಟ ಸುಮಾರು 450 ತುಂಡುಗಳು ತೋಕಿಯೋ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿವೆ. ಮದ್ರಾಸಿನ ಸಾಂತೋಮ್‌ನ ಹೆಸರು ಹೊತ್ತ ಪಟ್ಟೆಬಟ್ಟೆಯೊಂದು ಜಪಾನಿನಲ್ಲಿ ಮನೆಮಾತಾಗಿತ್ತು. ಒಳಗೆ ಅಂಥ ಭಾರತೀಯ ಬಟ್ಟೆ ಸಿಕ್ಕರೆ ಆ ಉಡುಪು ಎರಡು ದೇಶದ ಜವಳಿ ಚರಿತ್ರೆಯನ್ನು ಹೊತ್ತಿರುತ್ತದೆ. ಹೊರಗೆ ಒಂದೆರಡು ತೂತಿದ್ದರೂ ಅದನ್ನೇ ಆರಿಸಿಕೊಳ್ಳಿ.

ತೊಂದರೆ ನುಸಿಯದು. ನುಸಿಯ ಮರಿಹುಳು ಬನಾತಿನ ಮೇಲಿನ ನವುರನ್ನು ಮೇಯ್ದು ಹೋಗುತ್ತದೆ. ತೂತು ಬೀಳದಿದ್ದರೂ ಒಳಗಿನ ಹಾಸುಹೊಕ್ಕು ಬೋಳಾಗಿ ಕಾಣುತ್ತದೆ. ಎದುರು ಬೆಳಕಿನ ಫೋಟೋದಲ್ಲಿ ಇದು ಮುಚ್ಚಿಹೋಗುತ್ತದೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಫೋಟೋ ಕೇಳಿ. ಕತ್ತುಪಟ್ಟಿಯ ಜರಿಯೂ ನಾಜೂಕು. ತೆಳುವಾದ ಕಾಗದಕ್ಕೆ ಉರುಶಿ ಮರದ ಅರಗು ಬಳಿದು ಚಿನ್ನದ ರೇಕು ಅಂಟಿಸಿ, ಸಣ್ಣ ಎಳೆಯಾಗಿ ಕತ್ತರಿಸಿ ಹೊಕ್ಕಿನಲ್ಲಿ ನೇಯ್ದದ್ದು ಅದು. ನೀರು ತಾಗಿಸಿದರೆ, ಡ್ರೈಕ್ಲೀನಿಂಗಿಗೆ ಕೊಟ್ಟರೆ ಚಿನ್ನ ಕಳಚಿ ಕಾಗದ ಮಾತ್ರ ಉಳಿಯುತ್ತದೆ.

ಹೊಸದನ್ನು ಹಳೆಯದೆಂದು ಮಾರುವುದೂ ಇಲ್ಲೇ ಹೆಚ್ಚು. ಇಂದಿನ ಉತ್ಸವಗಳಿಗೆ, ಬೊಂಬೆಗಳಿಗೆ, ಸಿನಿಮಾಗಳಿಗೆ ಜಿಂಬಾವೊರಿ ಹೊಲಿಯುತ್ತಲೇ ಇದ್ದಾರೆ. ಜರಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಗದದ ಜರಿ ಅಲ್ಲಲ್ಲಿ ಬಿರಿದು ಉದುರಿರುತ್ತದೆ. ಎಲ್ಲಿಯೂ ಬಿರಿಯದೆ ಒಂದೇ ಸಮ ಥಳಥಳಿಸಿದರೆ ಅದು ಪ್ಲಾಸ್ಟಿಕ್ ಜರಿ. ಉದ್ದದ ಹೊಲಿಗೆಗಳು ಯಂತ್ರದವಾದರೆ 19ನೇ ಶತಮಾನದ ಕೊನೆಗಿಂತ ಹಿಂದಕ್ಕೆ ಹೋಗಲು ಸಾಧ್ಯವಿಲ್ಲ.

ಕಮಿಶಿಮೊ

ಮೇಲೆ ಭುಜ ಚಾಚಿದ ತೋಳಿಲ್ಲದ ಕತಗಿನು, ಕೆಳಗೆ ಹಕಮ ಎಂಬ ನೆರಿಗೆಯ ಅಗಲ ಷರಾಯಿ. ಎಡೋ ಕಾಲದ ಸಮುರಾಯ್ ಅಧಿಕಾರಿಯ ಕಚೇರಿ ಉಡುಪು ಇದೇ. ಸೆಣಬು ಅಥವಾ ತುರುಚೆ ಜಾತಿಯ ರೇಮಿ ಗಿಡದ ನಾರಿನ ಬಟ್ಟೆ, ನೀಲಿ, ಕಂದು, ಬೂದು ಬಣ್ಣ. ಹತ್ತಡಿ ದೂರದಿಂದ ನೋಡಿದರೆ ಸಾದಾ ಬಟ್ಟೆ. ಹತ್ತಿರ ಹೋದರೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳ ಲೋಕ. ಕೊಮೊನ್ ಎನ್ನುವುದು ಇದಕ್ಕೆ.

ಇಸೆ ಪ್ರಾಂತದ, ಇಂದಿನ ಸುಜುಕಾ ನಗರದ ಶಿರೋಕೊ ಮತ್ತು ಜಿಕೆ ಎಂಬ ಊರುಗಳಲ್ಲಿ ಅಚ್ಚಿನ ಕಾಗದ, ಅಂದರೆ ಕತಗಾಮಿ, ಕೊರೆಯುತ್ತಿದ್ದರು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು ಪದರ ಪದರವಾಗಿ ಪರ್ಸಿಮನ್ ಕಾಯಿಯ ಒಗರು ರಸದಿಂದ ಅಂಟಿಸಿ ಗಟ್ಟಿ ಮಾಡುವುದು, ಅರ್ಧಚಂದ್ರದ ಬಾಯಿಯ ಉಳಿಯನ್ನು ತಿರುಗಿಸಿ ಒಂದೊಂದೇ ತೂತು ಕೊರೆಯುವುದು. ಅತಿ ನಯವಾದ ಶಾರ್ಕ್‌ಚರ್ಮದ ನಮೂನೆಯಲ್ಲಿ 3 ಸೆಂ.ಮೀ. ಚೌಕಕ್ಕೆ ಸುಮಾರು 900 ತೂತು. ಈ ಕಾಗದವನ್ನು ಬಟ್ಟೆಯ ಮೇಲಿಟ್ಟು ಅಕ್ಕಿಹಿಟ್ಟಿನ ಅಂಟು ಸವರಿ, ಎತ್ತಿ, ಮುಂದಕ್ಕೆ ಇಟ್ಟು ಮತ್ತೆ ಸವರಿ, ಆಮೇಲೆ ಬಣ್ಣ ಕೊಟ್ಟರೆ ಅಂಟು ಇದ್ದ ಕಡೆ ಬಿಳಿ ಉಳಿಯುತ್ತದೆ. ದೊಡ್ಡ ಮನೆತನಗಳು ತಮ್ಮದೇ ನಮೂನೆ ಕಾದಿರಿಸಿಕೊಂಡಿದ್ದವು. ಶಾರ್ಕ್‌ಚರ್ಮ ಕಿಶು ತೊಕುಗಾವಾದವರದು, ಸಣ್ಣ ದೊಡ್ಡ ಆಲಿಕಲ್ಲು ಶಿಮಾಜು ಮನೆಯದು, ಸೇವಂತಿಗೆಯ ವಜ್ರಾಕೃತಿ ಮಾಯೆದಾ ಮನೆಯದು.

ಕೊಟ್ಟ ದುಡ್ಡಿಗೆ ಇಷ್ಟು ಕೈಚಳಕ ಈ ಗುಂಪಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕಮಿಶಿಮೊ ಸಾಮಾನ್ಯವಾಗಿ ಹತ್ತಾರು ಸಾವಿರ ಯೆನ್ನುಗಳ ಮಾತು, ಒಳ್ಳೆಯ ಜಿಂಬಾವೊರಿ ಹಲವು ಲಕ್ಷ ಯೆನ್ನುಗಳ ಮಾತು. ನಾರುಬಟ್ಟೆಯನ್ನು ನುಸಿ ಮುಟ್ಟುವುದೂ ಕಡಿಮೆ. ಗೋಡೆಯ ಮೇಲೆ ಅಬ್ಬರ ಬೇಕೆಂದವರಿಗೆ ಮಾತ್ರ ಇದು ಸಪ್ಪೆ ಅನ್ನಿಸುತ್ತದೆ, ಅಂಥವರು ಕೊಳ್ಳದಿರುವುದೇ ಒಳ್ಳೆಯದು.

ಪರೀಕ್ಷೆ ಹೀಗೆ. ಜಪಾನಿ ಮಗ್ಗದ ಬಟ್ಟೆಯ ಪನ್ನ 35ರಿಂದ 40 ಸೆಂ.ಮೀ. ಮಾತ್ರ, ಆದ್ದರಿಂದ ಬೆನ್ನ ನಡುವೆ ಹೊಲಿಗೆ ಇರಬೇಕು. ಚುಕ್ಕೆಗಳ ಸಾಲಿನಲ್ಲಿ, ಕಾಗದ ಎತ್ತಿ ಇಟ್ಟ ಕಡೆ, ಗೆಣ್ಣಿನಂತೆ ಸಣ್ಣ ಬದಲಾವಣೆ ನಿಯತ ದೂರಕ್ಕೊಮ್ಮೆ ಸಿಗುತ್ತದೆ. ಉದ್ದಕ್ಕೂ ಒಂದಿಷ್ಟೂ ಬದಲಾಗದ ಚುಕ್ಕೆ ಯಂತ್ರದ ಮುದ್ರಣದ್ದಿರಬಹುದು. ಲಾಂಛನ ಎದೆಯ ಎರಡು ಕಡೆ, ಬೆನ್ನಿಗೆ, ಹಕಮದ ಸೊಂಟದ ಹಲಗೆಗೆ ಇರಬೇಕು. ಅದು ಬಟ್ಟೆಯಲ್ಲೇ ಬಿಡಿಸಿದ್ದೋ, ಮೇಲೆ ಅಂಟಿಸಿದ್ದೋ ನೋಡಿ. ಅಂಟಿಸಿದ್ದರೆ ಉಡುಪು ಬೇರೆ ಮನೆಗೆ ಕೈ ಬದಲಾಗಿರಬಹುದು. ಅದು ದೋಷವಲ್ಲ, ಆದರೆ ಮನೆತನದ ಹೆಸರು ಹೇಳಿ ಬೆಲೆ ಏರಿಸಿದ್ದರೆ ಇಳಿಸಿ ಎನ್ನಲು ಕಾರಣ. ಮೇಲಿನದೂ ಕೆಳಗಿನದೂ ಬೇರೆ ಬೇರೆ ಬಟ್ಟೆಯಾದರೆ ಗಾಬರಿ ಬೇಡ, ದಿನದ ಕೆಲಸಕ್ಕೆ ಹಾಗೆ ಜೋಡಿಸಿಯೇ ಉಡುತ್ತಿದ್ದರು. ಬಟ್ಟೆಯೂ ಬೇರೆ, ಲಾಂಛನವೂ ಬೇರೆ ಆದರೆ ಅದು ಅಂಗಡಿಯವನ ಜೋಡಣೆ. ಇನ್ನೊಂದು: ವರ್ತಕರೂ ಮದುವೆ, ಸಾವುಗಳಿಗೆ ಕಮಿಶಿಮೊ ಉಡುತ್ತಿದ್ದರು. ಹಾಗಾಗಿ ಪ್ರತಿ ಕಮಿಶಿಮೊ ಸಮುರಾಯ್‌ದಲ್ಲ.

ಇದರಲ್ಲಿ ಹಾಳಾಗುವುದು ಕಪ್ಪು ಮತ್ತು ಗಾಢ ಕಂದು. ಕಬ್ಬಿಣದ ಲವಣ ಸೇರಿಸಿ ಕೂರಿಸಿದ ಬಣ್ಣ ಕಾಲಾಂತರದಲ್ಲಿ ನಾರನ್ನೇ ತಿನ್ನುತ್ತದೆ. ಅಂಥ ಬಟ್ಟೆ ಮಡಿಕೆಯಲ್ಲಿ ಪುಡಿಯಾಗಿರುತ್ತದೆ. ನೀಲಿಯದನ್ನು ಆರಿಸಿ.

ಕಜಿಬಾವೊರಿ, ಬೆಂಕಿಯ ಮೇಲಂಗಿ

1657ರ ಮೆಯಿರೆಕಿ ಬೆಂಕಿ ಎಡೋ ನಗರದ, ಅಂದರೆ ಇಂದಿನ ತೋಕಿಯೋದ, ಬಹುಭಾಗವನ್ನು ಸುಟ್ಟ ಮೇಲೆ ಸಮುರಾಯ್ ಮನೆತನಗಳ ಬೆಂಕಿ ಕಾವಲಿನ ಕರ್ತವ್ಯ ಇನ್ನಷ್ಟು ಬಿಗಿಯಾಯಿತು. ಕೆಳಗಿನವರಿಗೆ ಹೊಗೆಯಲ್ಲಿ ಹದ ಮಾಡಿದ ಜಿಂಕೆಚರ್ಮ, ದೈಮ್ಯೊ ಎಂಬ ಪ್ರಾಂತದ ಒಡೆಯರಿಗೆ ಮತ್ತು ಮೇಲಿನವರಿಗೆ ಬನಾತು, ಜತೆಗೆ ಎದೆಪಟ್ಟಿ, ತಲೆಗವಸು. ಚರ್ಮದ್ದರ ಸೊಗಸು ಕಂದಿನ ಹತ್ತು ಛಾಯೆಗಳಲ್ಲಿದೆ. ಲಾಂಛನ ಬರಬೇಕಾದ ಜಾಗವನ್ನು ಮುಚ್ಚಿ ಚರ್ಮಕ್ಕೆ ಹೊಗೆ ಕೊಟ್ಟರೆ ಅಲ್ಲಿ ಮಾತ್ರ ತಿಳಿಬಣ್ಣ ಉಳಿಯುತ್ತದೆ. ಬಣ್ಣವನ್ನೇ ಹಾಕದೆ ಬಿಡಿಸಿದ ಚಿತ್ರ. ಅರಮನೆಯ ಹೆಂಗಸರಿಗೆ ಹೊಲಿದ, ಅಲೆಗಳ ಕಸೂತಿಯ ಬನಾತಿನವು ಬೇರೆಯೇ ಮಟ್ಟದವು, ಬೆಲೆಯೂ ಹಾಗೆಯೇ.

ಕರಾವಳಿಯವರು ಚರ್ಮದ್ದನ್ನು ಬಿಟ್ಟುಬಿಡಿ. ಒಂದು ಮಳೆಗಾಲ ಕೈತಪ್ಪಿದರೆ ಬೂಷ್ಟಿನ ಕಲೆ ಒಳಗಿಳಿಯುತ್ತದೆ, ಅದನ್ನು ತೆಗೆಯಲಾಗದು. ಒಮ್ಮೆ ನೆನೆದು ಒಣಗಿದ ಚರ್ಮ ಹಲಗೆಯಂತೆ ಬಿರುಸಾಗುತ್ತದೆ. ಮಡಿಸಿ ತೆಗೆದ ಗೆರೆಗಳಲ್ಲಿ ಸೀಳಿದೆಯೇ ಎಂದು ಕೇಳಿ ತಿಳಿಯಿರಿ. ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಗಾಳಿಯಾಡುವ ಕೋಣೆಯಿದ್ದರೆ ನಿಭಾಯಿಸಬಹುದು.

ಹತ್ತಿಯ ದಪ್ಪ ಬಟ್ಟೆಗೆ ಒತ್ತೊತ್ತಾಗಿ ಹೊಲಿಗೆ ಹಾಕಿದ, ಒಳಭಾಗದಲ್ಲಿ ವೀರರ ಚಿತ್ರವಿರುವ ಮೇಲಂಗಿಯನ್ನೂ ಸಮುರಾಯ್ ಉಡುಪೆಂದು ತೋರಿಸುತ್ತಾರೆ. ಅದು ಪಟ್ಟಣದ ಸಾಮಾನ್ಯ ಅಗ್ನಿಶಾಮಕರ ಹಿಕೇಶಿ ಬಂತೆನ್. ನೀರಲ್ಲಿ ನೆನೆಸಿ ಉಡುತ್ತಿದ್ದರು. ಜವಳಿ ಕಲೆಯಾಗಿ ಅದ್ಭುತ, ಸಮುರಾಯ್‌ಗೂ ಅದಕ್ಕೂ ಸಂಬಂಧವಿಲ್ಲ.

ಉಳಿದವು

ಕವಚದ ಒಳಗೆ ತೊಡುತ್ತಿದ್ದ ಯೊರೊಯ್ ಹಿತತಾರೆ, ಗಂಟುಕಟ್ಟಿ ಬಣ್ಣ ಹಾಕಿದ ತ್ಸುಜಿಗಹನ ಬಟ್ಟೆಯ ದೋಫುಕು, ಇವುಗಳ ಒಳ್ಳೆಯ ಹಳೆಯವು ಮ್ಯೂಸಿಯಮ್ಮಿನ ಸೊತ್ತು. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಅಲ್ಲಿಗೆ ಮಾತು ಮುಗಿಸಿ.

ಕ್ಯೋಗೆನ್ ಹಾಸ್ಯನಾಟಕದ ಕತಗಿನು ಯೋಧರದಲ್ಲ, ಆದರೆ ಅದೇ ಕತ್ತರಿಕೆ, ಅದೇ ನಾರುಬಟ್ಟೆ. ಬೆನ್ನ ತುಂಬ ಟರ್ನಿಪ್ ಗೆಡ್ಡೆಯೋ ಬಲೆಯೋ ಓರೆಯಾಗಿ ಹಬ್ಬಿರುತ್ತದೆ. ದೂರದಿಂದ ಹೊಡೆದು ಕಾಣುವ ಆಕಾರ ಬೇಕು, ಬನಾತಿನ ಉಸಾಬರಿ ಬೇಡ ಎನ್ನುವವರಿಗೆ ಇದು ಸರಿಯಾದ ಆಯ್ಕೆ.

ಎಲ್ಲಕ್ಕಿಂತ ಅಗ್ಗ ಹಳೆಯ ಕತಗಾಮಿ ಕಾಗದ. 1868ರ ನಂತರದ ಮೆಯಿಜಿ ಕಾಲದಲ್ಲಿ ರಾಶಿಗಟ್ಟಲೆ ಯುರೋಪಿಗೂ ಹೋದವು, ಇಂದೂ ಸಿಗುತ್ತವೆ. ಹಿಂದಿನಿಂದ ಬೆಳಕು ಬಿಟ್ಟರೆ ಕೊಮೊನ್‌ನ ಗುಟ್ಟೆಲ್ಲ ಕಾಣುತ್ತದೆ. ಉಟ್ಟು ನೋಡಬೇಕು, ಯಕ್ಷಗಾನದವರಂತೆ ವೇಷಕ್ಕೇ ಬೇಕು ಎನ್ನುವವರು ಹಳೆಯದನ್ನು ಮುಟ್ಟಲೇಬೇಡಿ, ಪಾಲಿಯೆಸ್ಟರಿನ ಹೊಸದನ್ನು ಕೊಳ್ಳಿ. ಬೆವರಿನ ಉಪ್ಪು ಒಂದು ಸಂಜೆಯಲ್ಲಿ ಮಾಡುವ ಹಾನಿಯನ್ನು ಯಾರೂ ಸರಿಪಡಿಸಲಾರರು.

ಕಾನೂನು

ಕತಗಿನುವಿನ ಭುಜ ನೆಟ್ಟಗೆ ನಿಲ್ಲಲು ಒಳಗೆ ಬಲೀನ್, ಅಂದರೆ ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿ, ಇಡುತ್ತಿದ್ದರು. ದೊಡ್ಡ ತಿಮಿಂಗಿಲಗಳು, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ಕಸ್ಟಮ್ಸ್‌ನಲ್ಲಿ ಉಡುಪೇ ನಿಂತುಹೋಗಬಹುದು. ಜಿಂಬಾವೊರಿಯ ಗುಂಡಿ ದಂತದ್ದೇ, ಗರಿ ಅಥವಾ ತುಪ್ಪಳ ಇದೆಯೇ ಎಂದೂ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಲೀನ್ ಇದ್ದರೆ ಬೇರೆ ಕಮಿಶಿಮೊ ನೋಡಿಕೊಳ್ಳುವುದು ಜಾಣತನ.

ನೂರು ವರ್ಷ ದಾಟಿದ ಕಲಾವಸ್ತು ಭಾರತದ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಒಳಗೆ ತಂದದ್ದನ್ನು ಮುಂದೆ ಹೊರಗೆ ಒಯ್ಯಬೇಕಾದರೆ ಅನುಮತಿಯ ಪ್ರಶ್ನೆ ಏಳುತ್ತದೆ. ಆಮದಿನ ಬಿಲ್ಲು, ಕಸ್ಟಮ್ಸ್ ರಸೀದಿ, ಬಂದ ದಿನದ ಫೋಟೋ ಇವನ್ನು ಉಡುಪಿನಷ್ಟೇ ಜೋಪಾನವಾಗಿಡಿ. ವಿದೇಶದಿಂದ ಊರಿಗೆ ಮರಳುವವರು ತಮ್ಮ ಸಂಗ್ರಹವನ್ನು ಹೊತ್ತು ತರುವ ಮುನ್ನ ಇದನ್ನು ಲೆಕ್ಕಹಾಕಿಕೊಳ್ಳಬೇಕು.

ದುಡ್ಡು ಎಷ್ಟಿದ್ದರೆ ಯಾವುದು

ಬಜೆಟ್ಟಿನ ಐದರಲ್ಲೊಂದು ಪಾಲನ್ನು ಇಡುವ, ತೂಗುವ ವ್ಯವಸ್ಥೆಗೆ ತೆಗೆದಿಟ್ಟು ಉಳಿದದ್ದರಲ್ಲಿ ಕೊಳ್ಳಿ. ಮೊದಲ ಸಲ ಕೊಳ್ಳುವವರಿಗೆ ನೀಲಿ ಕೊಮೊನ್ ಕಮಿಶಿಮೊ, ಜತೆಗೆ ಒಂದು ಕತಗಾಮಿ. ಅಷ್ಟೂ ಇಲ್ಲದಿದ್ದರೆ ಎರಡು ಮೂರು ಕತಗಾಮಿ ಮಾತ್ರ. ಲಕ್ಷಗಳಿದ್ದು, ಒಣ ಕೋಣೆಯಿದ್ದು, ವರ್ಷಕ್ಕೆರಡು ಸಲ ಬಟ್ಟೆ ತೆಗೆದು ನೋಡುವ ಸಹನೆಯೂ ಇದ್ದರೆ ಮಾತ್ರ ಜಿಂಬಾವೊರಿ. ದುಡ್ಡಿದೆ, ಸಹನೆಯಿಲ್ಲ ಎನ್ನುವವರು ಕ್ಯೋಗೆನ್ ಕತಗಿನುವಿನ ಕಡೆ ನೋಡಿ.

ಮನೆಗೆ ಬಂದ ಬನಾತನ್ನು ನೇರ ಕಪಾಟಿಗೆ ಸೇರಿಸಬೇಡಿ. ಪಾಲಿಥೀನ್ ಚೀಲದಲ್ಲಿ ಹಾಕಿ ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಅರಗು, ಜರಿ ಹೆಚ್ಚಿದ್ದರೆ ಫ್ರೀಜರಿಗೆ ಮುನ್ನ ಸಂರಕ್ಷಕರನ್ನು ಕೇಳಿ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಘಟಕ ಬೆಂಗಳೂರಿನಲ್ಲಿದೆ. ಕಪಾಟಿನಲ್ಲಿ ನುಸಿಗುಳಿಗೆ ಮತ್ತು ಕರ್ಪೂರ ಎರಡನ್ನೂ ಒಟ್ಟಿಗೆ ಇಡಬೇಡಿ, ಕರಗಿ ಸೇರಿ ಕಲೆ ಮಾಡುತ್ತವೆ. ಒಗೆದ ಕೋರಾ ಬಟ್ಟೆಯಲ್ಲಿ ಸುತ್ತಿ, ಮಡಿಕೆಗಳಿಗೆ ಆಮ್ಲರಹಿತ ಕಾಗದದ ಸುರುಳಿ ಕೊಟ್ಟು, ಸಾಧ್ಯವಾದಷ್ಟು ಚಪ್ಪಟೆಯಾಗಿ ಇಡಿ.

ಗೋಡೆಯ ಮೇಲೆ ವರ್ಷಕ್ಕೆ ಮೂರು ತಿಂಗಳು ಸಾಕು. ಬೆಳಕು 50 ಲಕ್ಸ್ ಮೀರದಿರಲಿ, ಫೋನಿನ ಲಕ್ಸ್ ಆ್ಯಪ್‌ನಲ್ಲೇ ಅಂದಾಜು ಸಿಗುತ್ತದೆ. ಅಡ್ಡಗೋಲಿಗೆ ಹತ್ತಿ ಸುತ್ತಿ ಮೇಲೆ ಕೋರಾ ಬಟ್ಟೆ ಹೊಲಿಯಿರಿ, ಭಾರವೆಲ್ಲ ಎರಡು ಭುಜದ ಹೊಲಿಗೆಗಳ ಮೇಲೆ ಬೀಳದಂತೆ ಕೋಲು ದಪ್ಪಗಿರಲಿ. ಹೊರಗೋಡೆಗೆ ತೂಗಬೇಡಿ, ಮಳೆಗಾಲದಲ್ಲಿ ತೇವ ಮೊದಲು ಹಾಯುವುದು ಅದರಲ್ಲೇ.